ನೀನು ಓದಬೇಡ ಅಂದ ಪುಸ್ತಕ

ಭಾನುವಾರ, ಮೇ ೨೬

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನವರ ಮಂಡಿನೋವು ಈಗ ಪರವಾಗಿಲ್ವಾ? ನಿನ್ನ ಹಿಂದಿನ ಪತ್ರಕ್ಕೆ ಉತ್ತರ ಬರೆಯಲೇ ಇಲ್ಲ, ತಪ್ಪು ತಿಳ್ಕೋಬೇಡ. ಶಾಲೆ ಶುರುವಾಗೋ ಸಮಯ, ಯೂನಿಫಾರ್ಮ್ ಹೊಲಿದೂ ಹೊಲಿದೂ ಸೊಂಟ ಬಿದ್ದುಹೋಗಿದೆ. ಇಲ್ಲಿ ಎಲ್ಲರೂ ಕ್ಷೇಮ. ಇನ್ನು ಮುಂದೆ ಬರೆಯೋದೆಲ್ಲ ಬೈಗುಳವೇ, ಕೂತ್ಕೊಂಡು ಓದು.

ನಿನ್ನ ಸಿನಿಮಾ ನೋಡಿದೆ. ಒಬ್ಬಳೇ ಅಲ್ಲ, ನಮ್ಮ ಹೊಲಿಗೆ ಅಂಗಡಿಯವರನ್ನೆಲ್ಲ ಕಟ್ಟಿಕೊಂಡು ಹೋಗಿದ್ದೆ. ಕಟಿಂಗ್ ಮಾಸ್ಟರು, ಗುಂಡಿಗೆ ಕಾಜಾ ಹಾಕೋ ಹೆಂಗಸು, ಇಸ್ತ್ರಿಯವನು, ಎಲ್ಲರೂ. "ನಮ್ಮಕ್ಕ ಬರೆದ ಪುಸ್ತಕ, ನಮ್ಮಮ್ಮನ ಕಥೆ. ಅದರಲ್ಲಿ ನಾನೂ ಇರ್ತೀನಿ, ನೋಡ್ತಿರಿ" ಅಂತ ವಾರವಿಡೀ ಜಂಬ ಕೊಚ್ಚಿದ್ದೆ.

ಎಲ್ಲಿದ್ದೀನಿ ಅಕ್ಕ ನಾನು? ಅಮ್ಮ ಹಾಸಿಗೆ ಹಿಡಿದರೆ ಪರದೆ ಮೇಲೆ ಯಾವಳೋ ನರ್ಸು ಬಂದು ನಿಂತಳು! ತುಟಿಗೆ ಬಣ್ಣ ಬೇರೆ. ಅಮ್ಮನ ಮಗ್ಗುಲು ಬದಲಿಸೋದು ಅವಳು, ಚಮಚದಲ್ಲಿ ತಿನ್ನಿಸೋದು ಅವಳು. ನಿನ್ನ ಪಾತ್ರದವಳು ಕಾರಿನಿಂದ ಇಳಿದು, ಅತ್ತು, ಮತ್ತೆ ಕಾರು ಹತ್ತುತ್ತಾಳೆ. ಅಷ್ಟು ವರ್ಷ ಆ ಕೋಣೆ ಬಿಟ್ಟು ಕದಲದವಳು ನಾನು, ಸಂಬಳದ ನರ್ಸಾಗಿ ಹೋದೆನಲ್ಲೇ!

ಹೊಲಿಗೆ ಬೆನ್ನಿಗೆ ಒತ್ತಿ ಹುಣ್ಣಾಗುತ್ತೆ ಅಂತ ಅಮ್ಮನ ನಿಲುವಂಗಿಗಳನ್ನೆಲ್ಲ ಹೊಲಿಗೆ ಹೊರಗೆ ಬರೋ ಹಾಗೆ ಹೊಲಿದಿದ್ದೆ, ನಿನಗೂ ಹೇಳಿದ್ದೆ. ಸಿನಿಮಾದಲ್ಲಿ ಆ ನಿಲುವಂಗಿ ಇತ್ತು. ಯಾಕೆ ಹಾಗೆ ಅಂತ ಒಂದು ಮಾತೂ ಇಲ್ಲ. ನಮ್ಮವರಿಗೆ ಮೊದಲು ಕಣ್ಣಿಗೆ ಬೀಳೋದೇ ಹೊಲಿಗೆ. "ಅಯ್ಯೋ, ನರ್ಸಮ್ಮ ಅಂಗಿ ತಿರುವಿ ಹಾಕಿಬಿಟ್ಟಿದ್ದಾಳೆ!" ಅಂತ ಮಾಸ್ಟರು ನಕ್ಕರು, ಸಾಲಿಗೆ ಸಾಲೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಮುಚ್ಚಿ ಬಾಯಿ! ಅದು ನಾನು ಹೊಲಿದಿದ್ದು!" ಅಂತ ಕತ್ತಲಲ್ಲಿ ಕಿರುಚಿದೆ. ಬಾಗಿಲು ಕಾಯೋನು ಬಂದು ಮುಖಕ್ಕೆ ಟಾರ್ಚ್ ಬಿಟ್ಟ.

ಹೊರಗೆ ಬಂದ ಮೇಲೆ ಕಾಜಾದವಳು ಮೆಲ್ಲಗೆ ಕೇಳಿದಳು, "ನೀವಿರ್ತೀರಿ ಅಂದಿದ್ರಲ್ಲಾ?" ನಾನು ಸುಮ್ಮನಿರ್ತೀನಾ? "ಸಿನಿಮಾದವರಿಗೇನು, ಕತ್ತರಿ ಕೈಲಿದೆ ಅಂತ ಕತ್ತರಿಸಿದ್ದಾರೆ. ಪುಸ್ತಕದಲ್ಲಿ ಇದ್ದೀನಿ" ಅಂದೆ. ಅದಕ್ಕೆ ಮಾಸ್ಟರು, "ಓದಿದ್ದೀರಾ?" ಅಂದರು. ಎಲ್ಲಿ ಓದಿದ್ದೆ ನಾನು!

ಅದಕ್ಕೇ ನಿನ್ನ ಮೇಲೂ ಕೋಪ. ಮರೆತೆಯಾ, ನಮ್ಮನೇಲಿ ಪುಸ್ತಕ ಓದದೆ ಯಾರಾದರೂ ಸಿನಿಮಾಕ್ಕೆ ಹೊರಟಿದ್ದುಂಟಾ? "ಮೊದಲು ಓದಿ, ನಿಮ್ಮ ತಲೇಲಿ ಮುಖಗಳು ಮೂಡಲಿ. ಇಲ್ಲದಿದ್ರೆ ಅವರು ತೋರಿಸಿದ್ದೇ ಮುಖ, ಅವರು ಹೇಳಿದ್ದೇ ನಿಜ" ಅನ್ನೋಳು ಅಮ್ಮ. ನೀನೊಮ್ಮೆ ಓದಿದೀನಿ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದು ಮನೇಲೇ ಉಳಿದಿದ್ದೆ. ಅಂಥ ಅಮ್ಮನ ಕಥೆಗೇ ನೀನು ಹೇಳಿದ್ದೇನು? "ನೀನು ಮೊದಲು ಸಿನಿಮಾ ನೋಡೇ. ಪುಸ್ತಕ ಓದಿದ್ರೆ ಮಜಾ ಹೋಗುತ್ತೆ." ನಾನು ಒಂದು ಪ್ರತಿ ಕಳಿಸು ಅಂದಾಗಲೆಲ್ಲ ನೀನು ಮುಗಿದುಹೋಗಿದೆ ಅಂದೆ. ದೊಡ್ಡವಳು ಹೇಳ್ತಾಳೆ ಅಂತ ತಲೆಯಾಡಿಸಿದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅವರು ನಿನ್ನ ಮಾತು ಮೀರಿ ನನ್ನನ್ನ ತೆಗೆದಿದ್ದರೆ ಜಗಳ ಆಡು. ನಿನಗೆ ದಾಕ್ಷಿಣ್ಯ ಅಂದರೆ ವಿಳಾಸ ಕೊಡು, ನಾನು ಆಡ್ತೀನಿ. ಕಾಜಾದವಳು ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಿದ್ದಾಳೆ, ಹೊಲಿಗೆ ಮಿಷನ್ನಿನ ಮೇಲಿದೆ. ಇವತ್ತು ಓದ್ತೀನಿ. ನಾಳೆ ಅಂಗಡೀಲಿ ನಾನಿರೋ ಪುಟ ತೆಗೆದು ಎಲ್ಲರೆದುರಿಗೂ ಗಟ್ಟಿಯಾಗಿ ಓದಿ, ಮಾಸ್ಟರ ನಗು ಇಳಿಸ್ತೀನಿ.

ಬೈದೆ ಅಂತ ಊಟ ಬಿಡಬೇಡ. ಭಾವನವರಿಗೆ ನಮಸ್ಕಾರ, ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ಇಂತಿ ನಿನ್ನ ತಂಗಿ,
ಸಿಡುಕಿ

ತಾ.ಕ.: ಲಕೋಟೆ ಅಂಟಿಸದೆ ಇಟ್ಟು ಪುಸ್ತಕ ಓದಿ ಮುಗಿಸಿದೆ. ಅದರಲ್ಲಿ ಅಮ್ಮನಿಗೆ ಒಬ್ಬಳೇ ಮಗಳು. ನಾನು ಫೋನಿನಲ್ಲಿ ಅತ್ಕೊಂಡು ನಿನಗೆ ಹೇಳಿದ್ದೆಲ್ಲ ಒಂದೂ ಬಿಡದೆ ಇದೆ, ಮಾಡಿದವಳು ಮಾತ್ರ ನೀನು. ಸಿನಿಮಾದವರನ್ನ ಸುಮ್ಮನೆ ಬೈದೆ. ನೀನು ಬರೆದದ್ದನ್ನ ಅವರೂ ನಂಬಲಿಲ್ಲವೇನೋ, ಆ ಕೋಣೇಲಿ ಇನ್ನೊಬ್ಬಳು ಇದ್ದಿರಲೇಬೇಕು ಅನ್ನಿಸಿ ನರ್ಸನ್ನಾದರೂ ಇಟ್ಟರು. ಕೊನೇ ಪುಟದಲ್ಲಿ ಅಮ್ಮ ನಿನ್ನ ಕೈ ಹಿಡಿದು "ಸಾಕು ಕಣೇ, ನೀನೂ ಸ್ವಲ್ಪ ಮಲಗು" ಅಂತಾಳೆ. ನೀನು ಬಂದದ್ದು ಅಮ್ಮನ ಮುಖ ಮುಚ್ಚಿದ ಮೇಲೆ. ಹೆಸರು, ಚಪ್ಪಾಳೆ, ಸಿನಿಮಾ, ಎಲ್ಲ ನೀನೇ ಇಟ್ಟುಕೋ. ಆ ಮಾತು ನನಗೆ ಹೇಳಿದ್ದು, ಅಕ್ಕ. ಅದನ್ನ ವಾಪಸ್ ಕೊಡು.