ಸರಪಳಿಯಿಲ್ಲದ ಬುಟ್ಟಿ

ಜೂನ್ 2
ಮತ್ತೆ ಆ ಮೂರು ಬುಟ್ಟಿಗಳ ಚಿತ್ರ ನೋಡುತ್ತ ಕೂತೆ, ಡಿಸ್ಕ್ ಎಂಬ ತಟ್ಟೆಯನ್ನು ದೂರದಿಂದ ಎಸೆದು ಬೀಳಿಸುವಂಥವು. ಬೆಳಗಿನಿಂದ ನಾಲ್ಕನೇ ಸಲ. ಕಬ್ಬಿಣದ್ದು, ಮೈದಾನದಲ್ಲಿರುವಂಥದ್ದೇ — ಇನ್ನೂರೈವತ್ತು ಯೂರೋ. ಆಗದ ಮಾತು. ಬಿಚ್ಚಿ ಕಾರಿನ ಡಿಕ್ಕಿಗೆ ಹಾಕುವಂಥದ್ದು, ಹನ್ನೆರಡು ಸರಪಳಿ — ನೂರಹತ್ತು. ಬಟ್ಟೆಯದು, ಕೊಡೆಯ ಹಾಗೆ ಮಡಚುವುದು, ಸರಪಳಿಯೇ ಇಲ್ಲ — ನಲವತ್ತೈದು.

ನಡುವಿನದೇ ಸರಿ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಡಿಸ್ಕ್ ಬಡಿದರೆ ಸರಪಳಿ ಝಲ್ಲೆನ್ನುತ್ತದೆ. ಬೇಲಿಯಾಚೆ ಇಲ್ಪೊ. ಹದಿನೇಳು ವರ್ಷದಿಂದ ಡಿಸ್ಕ್ ಗಾಲ್ಫ್ ಜೋಡಿ ಪಂದ್ಯದಲ್ಲಿ ನನ್ನ ಜೊತೆಗಾರ. ಸದ್ದು ಕೇಳಿದರೆ ಊಟ ಬಿಟ್ಟು ಬರುವ ಆಸಾಮಿ. ಬಂದರೆ, ಎಡಗೈಯಲ್ಲಿ ಯಾಕೆ ಎಸೆಯುತ್ತೀ ಎಂದು ಕೇಳುತ್ತಾನೆ.

ಬಲಗೈ ನಡುಗುತ್ತದೆ. ಮೂವತ್ತು ವರ್ಷ ಅಂಚೆ ಹಂಚಿದ ಕೈ. ಇದನ್ನು ಇಲ್ಲಿ ಬರೆಯುತ್ತಿರುವುದೂ ಇವತ್ತೇ ಮೊದಲು.

ಜೂನ್ 4
ಹೆಲ್ವಿಗೆ ಗೊತ್ತು. ಚೆಲ್ಲಿದ ಕಾಫಿ ಒರೆಸುವ ಹೆಂಡತಿಗೆ ಏನು ಮುಚ್ಚಿಡುವುದು? ನರರೋಗದ ಡಾಕ್ಟರು ಸಿಗುವುದು ಆಗಸ್ಟ್‌ನಲ್ಲಿ. ಲಾಹ್ತಿ ಊರಿನ ಜೋಡಿ ಪಂದ್ಯ ಜುಲೈ ಹನ್ನೆರಡಕ್ಕೆ. ಇಲ್ಪೊಗೆ ಹೇಳಿಬಿಡು ಎನ್ನುತ್ತಾಳೆ. ಹೇಳಿದರೆ ಪಾಪ ಎಂದು ಜೊತೆಗಿಟ್ಟುಕೊಳ್ಳುತ್ತಾನೆ. ಇಲ್ಲವೇ ಬೇರೆಯವನನ್ನು ಹುಡುಕುತ್ತಾನೆ. ಎರಡೂ ಬೇಡ… ಬಟ್ಟೆಯದನ್ನೇ ತರಿಸಿದೆ.

ಜೂನ್ 9
ಬಂತು. ಹಬೆಸ್ನಾನದ ಸೌನಾ ಕೋಣೆಯ ಹಿಂದೆ, ಇಲ್ಪೊನ ಕಿಟಕಿಗೆ ಕಾಣದ ಕಡೆ ನಿಲ್ಲಿಸಿದೆ. ಎಂಟು ಹೆಜ್ಜೆ ದೂರ, ಎಡಗೈ — ಐವತ್ತು ಎಸೆತಕ್ಕೆ ಒಂಬತ್ತು ಬಿತ್ತು. ಬಿದ್ದರೂ ಬಿದ್ದ ಹಾಗನ್ನಿಸುವುದಿಲ್ಲ, ದಿಂಬಿಗೆ ಗುದ್ದಿದಂತೆ. ನಮ್ಮ ಒಗೆಯುವ ಬಟ್ಟೆಯ ಬುಟ್ಟಿ ಇದಕ್ಕಿಂತ ಗಟ್ಟಿಯಿದೆ ಎಂದಳು ಹೆಲ್ವಿ.

ಜೂನ್ 13
ಐವತ್ತಕ್ಕೆ ಹದಿನಾರು. ಇಲ್ಪೊ ಎರಡು ಸಲ ಆಡಲು ಕರೆದ. ಬೆನ್ನು ನೋವು ಎಂದೆ. ಇವತ್ತು ಮುಲಾಮು ತಂದುಕೊಟ್ಟು ಹೋದ. ನಾಚಿಕೆಯಾಯಿತು.

ಜೂನ್ 24
ನಡುಬೇಸಿಗೆಯ ಯುಹಾನ್ನುಸ್ ಹಬ್ಬ ಮುಗಿಯಿತು. ಪ್ರತಿವರ್ಷದ ಹಾಗೆ ಇಲ್ಪೊನ ಸರೋವರದ ಮನೆಗೆ ಹೋಗಲಿಲ್ಲ. ಬೆನ್ನು ನೋವು! ಊರೆಲ್ಲ ಖಾಲಿ, ನಾನೊಬ್ಬ ಎಸೆಯುತ್ತಿದ್ದೆ. ಇಪ್ಪತ್ತೆರಡು. ಕೂತಲ್ಲಿ ಕೂರಲಾಗುತ್ತಿಲ್ಲ.

ಜೂನ್ 27
ಗಾಳಿ. ಗೂಟ ಕಿತ್ತುಕೊಂಡು ಬುಟ್ಟಿ ಬೇಲಿ ಹಾರಿತು. ನಾನು ಹೋಗುವಷ್ಟರಲ್ಲಿ ಇಲ್ಪೊನೇ ಎತ್ತಿಕೊಂಡು ಬಂದ, ಬುಟ್ಟಿಯ ಮೈಯೆಲ್ಲ ಅವನ ಆಲೂಗಡ್ಡೆ ಮಡಿಯ ಮಣ್ಣು. ಬುಟ್ಟಿ ಕೆಳಗಿಟ್ಟ.

“ಬೆನ್ನು ನೋವು ಅಂದೆ. ಯಾರ ಜೊತೆ ಆಡ್ತಿದ್ದೀಯ ಈ ಸಲ? ಹೇಳ್ಬಿಡು, ನಂಗೇನೂ ಬೇಜಾರಿಲ್ಲ.”

ಅವನಿಗೆ ಬೇಜಾರಿತ್ತು. ಕಿವಿ ಕೆಂಪಗಾಗಿತ್ತು. ಬಲಗೈ ಜೇಬಿನೊಳಗೆ ಕುಣಿಯುತ್ತಿತ್ತು. ಹೊರಗೆ ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು… ಯಾರೂ ಇಲ್ಲ ಎಂದೆ, ಅಷ್ಟೇ. ನಂಬಲಿಲ್ಲ. ಹೋದ.

ಜುಲೈ 1
ನಾಲ್ಕು ದಿನ. ಬೇಲಿಯಾಚೆಯಿಂದ ಮಾತಿಲ್ಲ. ನಾಳೆ ಪಂದ್ಯಕ್ಕೆ ಹೆಸರು ಕೊಡಲು ಕೊನೆಯ ದಿನ. ಕೈ ಹೋದರೆ ಹೋಗಲಿ, ಇವನು ಹೋದರೆ ನಾನೇನು ಮಾಡಲಿ?

ಜುಲೈ 2, ಸಂಜೆ 6
ಹೋದೆ. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟ, ಮುಖ ನೋಡಲಿಲ್ಲ. ಕಪ್ಪನ್ನು ಬಲಗೈಯಲ್ಲೇ ಎತ್ತಿದೆ, ಬೇಕೆಂದೇ. ಸಾಸರಿಗೆ ಕಟಕಟ ಬಡಿಯಿತು. ಅರ್ಧ ಕಾಫಿ ಮೇಜಿನ ಮೇಲೆ. ಇಲ್ಪೊ ನೋಡಿದ.

“ಎಡಗೈಲಿ ಎಷ್ಟು ಬೀಳುತ್ತೆ?”

“ಐವತ್ತಕ್ಕೆ ಇಪ್ಪತ್ತಾರು.”

“ಹೋದ ವರ್ಷ ಬಲಗೈಲೂ ಅಷ್ಟೇ ಬೀಳ್ತಿತ್ತಲ್ಲೋ.”

ಕಂತ್ರಿ. ನಕ್ಕೆ, ಅತ್ತೆ, ಯಾವುದು ಮೊದಲೋ ಗೊತ್ತಿಲ್ಲ. ಇಬ್ಬರ ಹೆಸರನ್ನೂ ಅವನೇ ಬರೆಸಿದ.

ಜುಲೈ 5, ಬೆಳಿಗ್ಗೆ 9
ನಡುವಿನದು ಬಂತು, ಹನ್ನೆರಡು ಸರಪಳಿಯದು. ಅರ್ಧ ದುಡ್ಡು ಅವನದು. ಬುಟ್ಟಿ ಇಬ್ಬರ ಅಂಗಳಕ್ಕೂ ಸೇರುವಂತೆ ನಿಲ್ಲಬೇಕಂತೆ. ಆಗಲೇ ಬೇಲಿಯ ಹಲಗೆ ಕೀಳುತ್ತಿದ್ದಾನೆ. ಸುತ್ತಿಗೆ ಹಿಡಿಯಲು ಬಾ ಎಂದು ಕಿಟಕಿಗೆ ಬಂದು ಕೂಗಿದ. ಯಾವ ಕೈಯಲ್ಲಿ ಎಂದು ಕೇಳಿದೆ. ಯಾವ ಕೈಲಾದ್ರೂ ಹಿಡಿಯೋ, ಹಲಗೆ ಬೀಳ್ತಿದೆ, ಬೇಗ ಬಾರೋ ಅಂದ. ಹೊರಟೆ.