ಹೆಸರು ಹಿಡಿದು ಕರೆಯದವನು

ಸುಂದರಾ,

ಕಾದ ಕುಸುಬಿ ಎಣ್ಣೆಯ ವಾಸನೆಗೆ ನಿನ್ನ ಗಂಡ ದೇವಿಂದ್ರ ಚಿಕ್ಕ ಹುಡುಗನಾಗಿದ್ದಾಗ ಓಡಿ ಬರುತ್ತಿದ್ದ. ಈಗಲೂ ಒಲೆಯ ಬಳಿ ಬಂದು ನಿಲ್ಲುತ್ತಾನೆ. ಈಚೆಗೆ ಜ್ವರದಲ್ಲಿ ಬಂದ ಫಿಟ್ಸು ಬಹಳ ಹೊತ್ತು ನಿಲ್ಲದೆ ಅವನ ಮಿದುಳಿನಲ್ಲಿ ಏನೇನೋ ಅಳಿಸಿಹಾಕಿತು. ಈ ವಾಸನೆಯನ್ನು ಮಾತ್ರ ಹೇಗೆ ಬಿಟ್ಟಿತೋ! ಪುಂಡಿ ಪಲ್ಯಕ್ಕೆ ಅದೇ ಎಣ್ಣೆ ಹಾಕು. ಗುಳಿಗೆ ನೀನೇ ಅವನ ಕೈಯಲ್ಲಿಡು. “ಆಗಳೇ ತೊಗೊಂಡೀನಿ” ಅಂದರೆ ನಂಬಬೇಡ, ಸಿಟ್ಟೂ ಮಾಡಬೇಡ.

ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನನ್ನು ತೋರಿಸಿ “ಇವರ ಹೆಸರೇನು?” ಎಂದಾಗ ಅವನು ತಲೆ ತಗ್ಗಿಸಿದ. ಹೆಂಡತಿಯ ಗುರುತೂ ಹೋಗಿದೆ ಎಂದುಬಿಟ್ಟರು. ಅಂದಿನಿಂದ ನೀನು ಸರಿಯಾಗಿ ಉಂಡಿಲ್ಲ. ಆದರೆ ಮಗಳೇ, ಮದುವೆಯಾದಾಗಿನಿಂದ ಹೆತ್ತ ತಾಯಿಯಾದ ನನ್ನ ಎದುರಿಗೆ ಅವನು ಒಮ್ಮೆಯಾದರೂ ನಿನ್ನ ಹೆಸರು ಹಿಡಿದು ಕರೆದಿದ್ದಾನೆಯೇ? “ಏ, ಚಾ ತಾ” ಅನ್ನುವುದೇ ಅವನ ಕರೆ. ಅಲ್ಲಿಯೂ ನಾನು ಪಕ್ಕದಲ್ಲೇ ಕುಳಿತಿದ್ದೆ. ಅದು ರೋಗವೋ, ನಾಚಿಕೆಯೋ? ನನಗೂ ತಿಳಿಯಬೇಕಾಗಿದೆ.

ಅದಕ್ಕೇ ಇವತ್ತು ವಾಡಿ ಊರಿಗೆ, ನನ್ನ ತಂಗಿಯ ಮನೆಗೆ ಹೊರಟಿದ್ದೇನೆ. ಸಂಜೆಯ ಗಾಡಿಗೆ ಬರುವೆ. ನಾನಿಲ್ಲದಾಗ ನೀನೇ ಕೇಳು, “ನಾ ಯಾರ್ರಿ?” ಅಂತ. ಹೆಸರು ಬಂದರೆ ನನಗೂ ಹೇಳು. ಬಾರದಿದ್ದರೆ ಅಳಬೇಡ.

ನಿನ್ನೆ ನೀನು ಹಿತ್ತಲಲ್ಲಿ ಕುಳಿತಿದ್ದಾಗ ನಾನು ತಂದ ತಾಟು ನಾನು ಬಡಿಸಿದ್ದಲ್ಲ. ತನ್ನ ರೊಟ್ಟಿಯ ಮೇಲೆ ಪಲ್ಯ ಹಾಕಿ, “ಅಕಿ ಉಂಡಿಲ್ಲಬೇ” ಎಂದು ಮೆಲ್ಲಗೆ ಹೇಳಿ ಅವನೇ ನನ್ನ ಕೈಗೆ ಕೊಟ್ಟ.