ಅರವತ್ತನಾಲ್ಕನೆಯವನು

ಅಕ್ಟೋಬರ್ 2, ಬೆಳಿಗ್ಗೆ 9.30

ಈಜುಕೊಳದಿಂದ ಈಗಷ್ಟೇ ಬಂದೆ. ತಲೆಗೂದಲು ಇನ್ನೂ ಒದ್ದೆ. ಕೋಪವೂ ಆರಿಲ್ಲ. ನಲವತ್ತೆರಡು ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ಊರಿನ ಸುದ್ದಿಯೆಲ್ಲ ಕಿವಿಗೆ ಬೀಳುವುದು ಇದ್ದದ್ದೇ. ಈಗ ಒಂದೇ ಸುದ್ದಿ — ನನ್ನ ಪಟ್ಟಿ. ಮೂವತ್ತೈದು ವರ್ಷ ಇತಿಹಾಸದ ಪಾಠ ಹೇಳಿ ನಿವೃತ್ತಳಾದವಳು ಸುಮ್ಮನಿರಬೇಕಿತ್ತು. ಪ್ರಕಾಶಕ ಬೆರ್ಗುರ್ ಬಂದು, ಕ್ರಿಸ್‌ಮಸ್‌ಗೆ ಪುಸ್ತಕ ಬೇಕು, ಜಗತ್ತನ್ನು ಬದಲಿಸಿದ ನೂರು ಜನ, ಒಂದರಿಂದ ನೂರರವರೆಗೆ ನಂಬರ್ ಹಾಕಿ ಕೊಡು ಎಂದ. ಒಪ್ಪಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ.

ಗ್ಯಾರೇಜಿನ ಕೋಲ್ಬೈನ್‌ಗೆ ಡೀಸೆಲ್ ಎಂಜಿನ್ ಮಾಡಿದವನು ಮೊದಲ ಹತ್ತರಲ್ಲಿ ಬರಬೇಕಂತೆ. ಮೀನುಗಾರಿಕೆ ಬಿಟ್ಟು ಕೂತಿರುವ ಮಾರ್‌ಗೆ, ಮೀನನ್ನು ಮಂಜುಗಟ್ಟಿಸಲು ಕಲಿಸಿದವನು. ಪಾದ್ರಿ ಯಾರ ಹೆಸರು ಹೇಳಿದರು ಎಂದು ಬರೆಯುವುದೇ ಬೇಡ. ಸಾಲ್ವೋರ್ ಒಬ್ಬಳೇ ಬಾಯಿ ಬಿಡಲಿಲ್ಲ. ಈ ಊರಿನ ಸೂಲಗಿತ್ತಿಯಾಗಿದ್ದವಳು, ನಲವತ್ತು ವರ್ಷದಿಂದ ತೊಟ್ಟಿಯಲ್ಲಿ ನನ್ನ ಎಡಕ್ಕೆ ಕೂರುವವಳು. ಪುಣ್ಯಾತ್ಗಿತ್ತಿ.

ಅಕ್ಟೋಬರ್ 9

ಇವತ್ತು ಅವಳೂ ಬಾಯಿ ಬಿಟ್ಟಳು. ಬಾಣಂತಿಯರು ಉಳಿಯಬೇಕಾದರೆ ಡಾಕ್ಟರುಗಳು ಕೈ ತೊಳೆಯಬೇಕು ಎಂದು ವಿಯೆನ್ನಾದಲ್ಲಿ ಹೇಳಿ ನಗೆಪಾಟಲಾದ ಸೆಮ್ಮೆಲ್‌ವೈಸ್ — ಅವನು ಎಷ್ಟನೆಯವನು ಎಂದು ಕೇಳಿದಳು. ಅರವತ್ತನಾಲ್ಕು ಎಂದೆ. ಮುಖ ಗಂಟಿಕ್ಕಿದಳು. ನನ್ನ ಲೆಕ್ಕ ವಿವರಿಸಿದೆ. ಐದು ಕಾಲಂ — ಯುದ್ಧ, ಕಾನೂನು, ವಿಚಾರ, ಯಂತ್ರ, ಎಷ್ಟು ಕಾಲ ಉಳಿಯಿತು. ಒಂದೊಂದಕ್ಕೂ ಇಪ್ಪತ್ತು ಅಂಕ. ಪಕ್ಷಪಾತಕ್ಕೆ ಜಾಗವಿಲ್ಲ.

"ಚೆಂಗಿಸ್ ಖಾನ್ ಎಷ್ಟನೇವನು?"

"ಒಂಬತ್ತು."

"ಕೊಂದೋರಿಗೆ ಕಾಲಂ ಇದೆ. ಸಾಯದೇ ಉಳಿದೋರನ್ನ ಯಾವ ಕಾಲಂನಲ್ಲಿ ಹಾಕಿದೀಯ, ಸ್ಟೇನಾ?"

ತೊಟ್ಟಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಕೈ ತೊಳೆಯಿರಿ ಅಂತ ಅವನಲ್ಲದಿದ್ದರೆ ಇನ್ನೊಬ್ಬ ಹೇಳುತ್ತಿದ್ದ ಬಿಡು ಎಂದುಬಿಟ್ಟೆ. ಎದ್ದು ಹೋದಳು. ಇಷ್ಟಕ್ಕೇ.

ಅಕ್ಟೋಬರ್ 10

ಮೂವತ್ತೆಂಟು ಡಿಗ್ರಿಯ ತೊಟ್ಟಿಯಲ್ಲಿ ಹೋಗಿ ಕೂತಿದ್ದಾಳೆ. ಎಳೆಮಕ್ಕಳೂ ಪ್ರವಾಸಿಗರೂ ಕೂರುವ ಉಗುರುಬೆಚ್ಚಗಿನ ನೀರು. ಊರಿಗೆಲ್ಲ ಕಾಣುವ ಹಾಗೆ, ನನಗೆ ಬೆನ್ನು ಹಾಕಿ.

ಅಕ್ಟೋಬರ್ 11

ಇವತ್ತೂ ಅಲ್ಲೇ. ನನ್ನ ಎಡಕ್ಕೆ ಕೋಲ್ಬೈನ್ ಬಂದು ಕೂತ. ಡೀಸೆಲ್, ಡೀಸೆಲ್, ಡೀಸೆಲ್...

ಅಕ್ಟೋಬರ್ 19

ಒಂದು ವಾರ ಈಜುಕೊಳದ ಕಡೆ ತಲೆ ಹಾಕಿಲ್ಲ. ಬೆನ್ನು ಹಿಡಿದಿದೆ. ಅವಳ ಜೊತೆ ಮಾತಿಲ್ಲದೆ ದಿನ ಹೋಗುತ್ತಿಲ್ಲ — ಬರೆದೇಬಿಡುತ್ತೇನೆ, ಇದನ್ನು ಯಾರು ಓದಬೇಕು. ಅಂಕಗಳನ್ನು ಮೂರು ಸಲ ಕೂಡಿದೆ. ಅರವತ್ತನಾಲ್ಕೇ. ಸ್ನೇಹಕ್ಕಾಗಿ ಅಂಕ ತಿದ್ದಿದರೆ ನಾನೆಂಥ ಟೀಚರ್?

ಮಧ್ಯಾಹ್ನ ಉಪಾಯ ಹೊಳೆಯಿತು. ನಂಬರೇ ಬೇಡ. ನಮ್ಮ ಫೋನ್ ಪುಸ್ತಕದ ಹಾಗೆ ಮೊದಲ ಹೆಸರಿನ ಅಕ್ಷರಕ್ರಮ. ಅದರಲ್ಲಿ ಪ್ರಧಾನಿಯೂ ಬಡಗಿಯೂ ಹೆಸರು ಬಂದ ಕಡೆ ಇರುತ್ತಾರೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಬೆರ್ಗುರ್ ಫೋನಿನಲ್ಲಿ ಅರ್ಧ ಗಂಟೆ ಗೋಳಾಡಿದ. ನಂಬರ್ ಇಲ್ಲದಿದ್ದರೆ ಜನ ಯಾತಕ್ಕೆ ಜಗಳ ಆಡುತ್ತಾರೆ, ಜಗಳ ಇಲ್ಲದಿದ್ದರೆ ಯಾಕೆ ಕೊಳ್ಳುತ್ತಾರೆ ಎಂಬುದು ಅವನ ವಾದ. ನಾನು ಜಗ್ಗಲಿಲ್ಲ. 24ರ ಮಧ್ಯಾಹ್ನಕ್ಕೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಕಳಿಸು ಎಂದು ಫೋನ್ ಇಟ್ಟ.

ಅಕ್ಟೋಬರ್ 20

ಗೆದ್ದವಳ ಹಾಗೆ ಮೂವತ್ತೆಂಟರ ತೊಟ್ಟಿಗಿಳಿದೆ. ಪಕ್ಕದಲ್ಲಿ ಕೂತು ವಿಷಯ ಹೇಳಿದೆ. ಸಾಲ್ವೋರ್ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡಳು.

"ಅವನ ಕಾಲದಲ್ಲೂ ಯಾರೂ ಅವನ ಪರ ಬಾಯಿ ಬಿಡಲಿಲ್ಲ. ನೀನೂ ಬಿಡಬೇಡ. ಅಕ್ಷರಮಾಲೆ ಹಿಂದೆ ಬಚ್ಚಿಟ್ಕೋ."

ಅರವತ್ತನಾಲ್ಕು ಎಂದಿದ್ದರೇ ವಾಸಿ, ಅದಾದರೂ ಒಂದು ಅಭಿಪ್ರಾಯ ಎಂದಳು. ನಂಬರ್ ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. ಏನು ಮಾಡಿದರೆ ಈ ಹೆಂಗಸಿಗೆ ಸಮಾಧಾನ? ಸಿಟ್ಟಿನಲ್ಲಿ ಟವೆಲ್ ಬಿಟ್ಟು ಬಂದೆ.

ಅಕ್ಟೋಬರ್ 24, ಬೆಳಿಗ್ಗೆ 8

ಆರನೆಯ ಕಾಲಂ ಎಳೆದೆ. ಸಾಯದೇ ಉಳಿದವರು. ಎಷ್ಟು ಜನವೆಂದು ಯಾವ ಪುಸ್ತಕದಲ್ಲೂ ಇಲ್ಲ. ಗೊತ್ತಿರುವವರಿಂದ ಶುರು ಮಾಡೋಣ ಎಂದು ಪೆನ್ಸಿಲ್ ಊರಿದೆ. ಮೊದಲು ಬಂದದ್ದು ನನ್ನ ಹೆಸರು.

ನನ್ನ ಮಗಳು ಸುನ್ನೇವಾ ಹುಟ್ಟಿದ ದಿನ ಹಿಮಗಾಳಿಗೆ ರಸ್ತೆ ಮುಚ್ಚಿತ್ತು. ಸಾಲ್ವೋರ್ ಟ್ರ್ಯಾಕ್ಟರಿನಲ್ಲಿ ಬಂದಳು. ನಾನು ಅಡುಗೆಮನೆಯ ನೆಲದ ಮೇಲೆ ಹೊರಳಾಡುತ್ತಿದ್ದೆ. ಅವಳು ಸಿಂಕಿನ ಮುಂದೆ ನಿಂತು ಮೊಣಕೈವರೆಗೆ ತಿಕ್ಕುತ್ತಲೇ ಇದ್ದಳು. ತೊಳೆದದ್ದು ಸಾಕು ಬಾರೇ ಎಂದು ಬಾಯಿಗೆ ಬಂದ ಹಾಗೆ ಬೈದೆ. ತಿರುಗಿಯೂ ನೋಡಲಿಲ್ಲ. ಅದೇ ಬಾಯಲ್ಲಿ ಮೊನ್ನೆ, ಇನ್ನೊಬ್ಬ ಹೇಳುತ್ತಿದ್ದ ಬಿಡು ಎಂದೆ. ನಾಚಿಕೆಯಾಗಬೇಕು ನನಗೆ.

11.20

ನಂಬರ್‌ಗಳನ್ನು ವಾಪಸ್ ಹಾಕಿ ಕಳಿಸಿದೆ. ಸೆಮ್ಮೆಲ್‌ವೈಸ್ ನಾಲ್ಕು. ಖಾನ್ ಐವತ್ತೆಂಟು. ಪಕ್ಷಪಾತ ಹೌದು, ಮುನ್ನುಡಿಯಲ್ಲಿ ಹಾಗೆಂದೇ ಬರೆದಿದ್ದೇನೆ, ಅಡುಗೆಮನೆಯ ಸಮೇತ.

ಮಧ್ಯಾಹ್ನ 2

ಮೂವತ್ತೆಂಟರ ತೊಟ್ಟಿಯಲ್ಲಿ ಸಾಲ್ವೋರ್‌ಗೆ ಹೇಳಿದೆ. ನಾಲ್ಕು ಎಂದಾಗ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು. ಅವತ್ತು ಬೈದದ್ದಕ್ಕೆ ಕ್ಷಮಿಸು ಎಂದೆ, ಮೂವತ್ತೆಂಟು ವರ್ಷ ತಡವಾಗಿ.

"ನೋವಲ್ಲಿ ಎಲ್ರೂ ಬೈತಾರೆ ಕಣೇ. ಮಾರನೇ ದಿನಾನೂ ಬೈಯೋಕೆ ಇರ್ತಾರಲ್ಲ, ನಂಗಷ್ಟು ಸಾಕು."

ಇಬ್ಬರೂ ಎದ್ದು ನಲವತ್ತೆರಡಕ್ಕೆ ಹೋದೆವು. ಕೋಲ್ಬೈನ್ ಗೊಣಗುತ್ತ ಜಾಗ ಬಿಟ್ಟ. ಮೈಯೆಲ್ಲ ಹಗುರವಾಗಿದೆ, ಅಳುವೂ ಬರುತ್ತಿದೆ.

ಫೋನ್. ಬೆರ್ಗುರ್ ಇರಬೇಕು, ಖಾನ್ ವಿಷಯಕ್ಕೆ ಕೂಗಾಡಲು. ಅಲ್ಲ, ಸಾಲ್ವೋರ್. ಮನೆಗೆ ಹೋಗಿ ಯೋಚಿಸಿದಳಂತೆ. ಅವನಿಗಿಂತ ಮುಂದಿರುವ ಆ ಮೂವರು ಯಾರು, ಅವರು ಯಾವ ದೊಡ್ಡ —